ಕನ್ನಡಕದಕ್ಕನ ಹುಬ್ಬು

ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ ಆಕೆ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಗಿರಾಕಿಗಳ ಬಾಯಲ್ಲಿ ಆಕೆ ‘ಕನ್ನಡಕದಕ್ಕ’. ಫ್ರೇಮಿನ ಕಡ್ಡಿಯನ್ನು ಹದವಾಗಿ ಕಾಯಿಸಿ, ಕಿವಿಯ ಹಿಂದೆ ನೋಯದಂತೆ ಬಗ್ಗಿಸುವುದರಲ್ಲಿ ಆಕೆಯದು ಎತ್ತಿದ ಕೈ. ಕನ್ನಡಕ ಮೂಗಿನಿಂದ ಜಾರುತ್ತದೆಂದು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಗೇಣು ದೂರದಲ್ಲಿ ನಿಂತು ಮುಖ ನೋಡುವುದು ದಿನದ ಕೆಲಸ. ಅಷ್ಟೇ ಹತ್ತಿರದಿಂದ ಅವರೂ ತನ್ನ ಮುಖ ನೋಡುತ್ತಾರೆಂಬುದು ಮೂವತ್ತೆಂಟು ವರ್ಷ ತುಂಬುವವರೆಗೆ ಆಕೆಯ ತಲೆಗೇ ಹೋಗಿರಲಿಲ್ಲ.

ಮೊದಲು ಕಂಡದ್ದು ಮಗಳಿಗೆ. ಅಮ್ಮನ ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸಿ, "ಅಮ್ಮಾ, ಇಲ್ಲಿ ಕೂದಲೇ ಇಲ್ಲ" ಎಂದಳು. ಬೆರಳಿಗೆ ಸಿಕ್ಕಿದ್ದು ನಾಣ್ಯದಗಲದ ಒಂದು ನುಣುಪು ಜಾಗ. ಎರಡು ತಿಂಗಳಲ್ಲಿ ಅಂಥವು ಐದಾದವು, ಆಮೇಲೆ ಒಂದಕ್ಕೊಂದು ಸೇರಿಕೊಂಡವು. ಅತ್ತೆ ಯಾರೋ ಹೇಳಿದ ಎಣ್ಣೆ ಕಾಯಿಸಿ ದಿನಾ ಬೆಳಿಗ್ಗೆ ಸೊಸೆಯ ತಲೆಗೆ ತಿಕ್ಕಿದರು. "ಕೂದಲು ಹೋದ್ರೆ ಹೋಗ್ಲಿ, ತಲೆ ಇದೆಯಲ್ಲ" ಎಂದು ಬಾಯಲ್ಲಿ ಅನ್ನುತ್ತಿದ್ದರೂ ತಿಕ್ಕುವ ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಗಂಡ ಬಸ್ ಡಿಪೋದ ಮೆಕ್ಯಾನಿಕ್. ಜಾಹೀರಾತು ನೋಡಿ ಆಕೆಯನ್ನು ಒಂದು ಕೇಶ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದ. ಅಲ್ಲಿ ಬಿಳಿ ಕೋಟು ತೊಟ್ಟ ತರುಣ ಆಕೆಯ ತಲೆಯ ಫೋಟೋ ತೆಗೆದು, ಆರು ತಿಂಗಳ ಶಾಂಪೂ ಕಟ್ಟಿಕೊಟ್ಟು, "ಟೆನ್ಷನ್ ಮಾಡ್ಕೋಬೇಡಿ ಮೇಡಂ, ಎಲ್ಲ ಅದರಿಂದಲೇ" ಎಂದ. ಇಲ್ಲದ ಟೆನ್ಷನ್ ಆಕೆಗೆ ಅಂದಿನಿಂದ ಶುರುವಾಯಿತು. ಮನೆಯ ಬೀದಿಯಲ್ಲಿದ್ದ ಡಾಕ್ಟರು ರಕ್ತ ಕಡಿಮೆ ಇರಬಹುದೆಂದು ಮಾತ್ರೆ ಬರೆದರು. ಅದು ಮುಗಿಯುವ ಹೊತ್ತಿಗೆ ಹುಬ್ಬುಗಳೂ ಹೋಗಿದ್ದವು.

ತಲೆಗೆ ಸ್ಕಾರ್ಫ್ ಕಟ್ಟಿ, ಹುಬ್ಬನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಆಕೆ ಕೆಲಸಕ್ಕೆ ಹೋದಳು. ಸೆಕೆಯ ಒಂದು ಮಧ್ಯಾಹ್ನ, ಸ್ಟೂಲಿನ ಮೇಲಿದ್ದ ನಿವೃತ್ತ ಮೇಷ್ಟರು ಹೊಸ ಕನ್ನಡಕದಲ್ಲಿ ಆಕೆಯನ್ನೇ ನೋಡಿ, "ಈಗ ಎಲ್ಲ ಸ್ಪಷ್ಟವಾಗಿದೆ ತಾಯಿ. ನಿಮ್ಮ ಎಡಗಡೆ ಹುಬ್ಬು ಅಳಿಸಿಹೋಗಿದೆ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಕೆ ಅವರ ಕೆಲಸ ಮುಗಿಸಿಕೊಟ್ಟು, ಅಂಗಡಿಯ ಯಜಮಾನರ ಬಳಿ ಹೋಗಿ, "ನಾನು ಹಿಂದುಗಡೆ ಗ್ಲಾಸು ಉಜ್ಜೋ ಮೆಷಿನ್ ಹತ್ರ ಕೂರ್ತೀನಿ ಸಾರ್" ಎಂದಳು.

"ಮುಂದೆ ಯಾರು ನೋಡ್ಕೋತಾರಮ್ಮ?"

"ಯಾರಾದ್ರೂ ನೋಡ್ಕೊಳ್ಳಲಿ. ನನ್ನನ್ನ ಯಾರೂ ನೋಡೋದು ಬೇಡ."

ಯಜಮಾನರು ಎದ್ದು ಹಿಂದಿನ ಕೋಣೆಯ ದೀಪ ಹಾಕಿಕೊಟ್ಟರು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೂರು ತಿಂಗಳು ಕಳೆದವು. ರೆಪ್ಪೆಗೂದಲೂ ಉದುರಿದ ಮೇಲೆ ದೂಳೆಲ್ಲ ನೇರ ಕಣ್ಣಿಗೇ ಬೀಳತೊಡಗಿತು. ಕಣ್ಣು ಕೆಂಪಗಾಗಿ ಊದಿಕೊಂಡಾಗ ಆಕೆ ಅಂಗಡಿಯ ಮಹಡಿಯಲ್ಲೇ ಇದ್ದ ಕಣ್ಣಿನ ಡಾಕ್ಟರ ಬಳಿ ಹೋದಳು. ಅವರು ಹನಿ ಬರೆದುಕೊಟ್ಟು, "ಈ ಕೂದಲು ಉದುರೋದಕ್ಕೆ ಯಾರ ಹತ್ರ ತೋರಿಸ್ತಿದೀರಿ?" ಎಂದು ಕೇಳಿದರು. ಆಕೆ ಎಣ್ಣೆಯಿಂದ ಶಾಂಪೂವರೆಗೆ ಎಲ್ಲ ಹೇಳಿದಳು.

"ಒಬ್ಬ ಚರ್ಮದ ಡಾಕ್ಟರೂ ಇಲ್ವಲ್ಲಮ್ಮ ಇದರಲ್ಲಿ. ಅವರಲ್ಲೂ ಕೂದಲಿನ ಕಾಯಿಲೇನೇ ನೋಡೋರು ಬೇರೆ ಇರ್ತಾರೆ. ದೊಡ್ಡಾಸ್ಪತ್ರೇಲಿ ಒಬ್ರಿದ್ದಾರೆ, ಗುರುವಾರ ಮಾತ್ರ ಬರ್ತಾರೆ. ನಾನು ಚೀಟಿ ಕೊಡ್ತೀನಿ."

ಗುರುವಾರ ಅತ್ತೆಯೂ ಜೊತೆಗೆ ಹೊರಟರು. ಐವತ್ತು ದಾಟಿದ ಡಾಕ್ಟರಮ್ಮ ಸ್ಕಾರ್ಫ್ ಬಿಚ್ಚಿಸಿ, ದೀಪವಿರುವ ಚಿಕ್ಕ ಮಸೂರವೊಂದನ್ನು ನೆತ್ತಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ ಮೇಡಂ ಅದು?" ಆಕೆಗೆ ಕೇಳದೆ ಇರಲಾಗಲಿಲ್ಲ.

"ಹತ್ತು ಪಟ್ಟು," ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಉಗುರು ನೋಡಿದರು. ಉಗುರುಗಳ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿದ್ದವು. ಅಲ್ಲಿಯವರೆಗೆ ಯಾರೂ ಆಕೆಯ ಉಗುರು ನೋಡಿರಲಿಲ್ಲ.

"ಕೂದಲಿನ ಬೇರು ಸತ್ತಿಲ್ಲ. ಮೈ ಕಾಯೋಕೆ ಅಂತ ನಮ್ಮೊಳಗೆ ಒಂದು ಕಾವಲು ಇರುತ್ತಲ್ಲ, ಅದು ನಿಮ್ಮ ಕೂದಲನ್ನೇ ಶತ್ರು ಅಂದ್ಕೊಂಡು ಮೇಲೆ ಬಿದ್ದಿದೆ."

"ಬೇಲಿನೇ ಎದ್ದು ಹೊಲ ಮೇದ ಹಾಗೆ," ಎಂದಳು ಆಕೆ.

"ಹಾಗೇನೇ. ಇನ್ಮೇಲೆ ನಾನೂ ಎಲ್ಲರಿಗೂ ಹೀಗೇ ಹೇಳ್ತೀನಿ."

ಮೂಲೆಯಲ್ಲಿ ಕೂತಿದ್ದ ಅತ್ತೆ ಸೆರಗಿನ ತುದಿ ತಿರುವುತ್ತ, "ನಾನು ಎಣ್ಣೆ ತಿಕ್ಕಿದ್ದಕ್ಕೆ ಜಾಸ್ತಿ ಆಯ್ತಾ ಡಾಕ್ಟ್ರೇ?" ಎಂದರು. ಆ ಪ್ರಶ್ನೆಯನ್ನು ಅವರು ಎಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರೋ. ಸೊಸೆ ತಿರುಗಿ ನೋಡಿದಳು.

"ಇಲ್ಲಮ್ಮ. ನಿಮ್ಮಿಂದಲೂ ಅಲ್ಲ, ಇವರು ಚಿಂತೆ ಮಾಡಿದ್ದರಿಂದಲೂ ಅಲ್ಲ."

ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಶುರುಮಾಡುವುದು, ಆಗಾಗ ಮತ್ತೆ ಪರೀಕ್ಷೆ ಮಾಡಿಸುವುದು ಎಂದು ತೀರ್ಮಾನವಾಯಿತು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ: "ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ. ಬಂದದ್ದು ಮತ್ತೆ ಹೋಗಲೂಬಹುದು." ಬಸ್ಸಿನಲ್ಲಿ ಬರುವಾಗ ಆಕೆ ಅತ್ತೆಗೆ, "ಒಬ್ರಾದ್ರೂ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಲ್ಲ" ಎಂದಳು. ಅತ್ತೆ ದಾರಿಯುದ್ದಕ್ಕೂ ಸೊಸೆಯ ಕೈ ಹಿಡಿದುಕೊಂಡಿದ್ದರು.

ಕಣ್ಣಿಗೆ ದೂಳು ಬೀಳದ ಹಾಗೆ ಏನಾದರೂ ಹಾಕಿಕೊಳ್ಳಲು ಡಾಕ್ಟರಮ್ಮ ಹೇಳಿದ್ದರು. ಮರುದಿನ ಆಕೆ ಅಂಗಡಿಯ ಕಪಾಟಿನಿಂದ ದಪ್ಪ ಕಪ್ಪು ಅಂಚಿನ ಫ್ರೇಮೊಂದನ್ನು ತೆಗೆದು, ನಂಬರಿಲ್ಲದ ಗ್ಲಾಸು ಕೂರಿಸಿ ತಾನೇ ಹಾಕಿಕೊಂಡಳು. ಹುಬ್ಬಿರಬೇಕಾದ ಜಾಗಕ್ಕೆ ಸರಿಯಾಗಿ ಅದರ ಅಂಚು ಕೂತಿತು.

"ಊರಿಗೆಲ್ಲ ಕನ್ನಡಕ ಹಾಕ್ದೋಳು ನೀನು. ಇದು ಮೊದಲೇ ಹೊಳೀಲಿಲ್ವಾ?" ಎಂದರು ಯಜಮಾನರು.

"ಹೊಳೆಯೋಕೆ ತಲೆ ಮೇಲೆ ಜಾಗ ಈಗ ಆಗಿದೆ ಸಾರ್."

ಆಕೆ ಮತ್ತೆ ಮುಂದಿನ ಕೌಂಟರಿಗೆ ಬಂದಳು.

ಮಾತ್ರೆ ಶುರುವಾದ ಐದನೆಯ ತಿಂಗಳು ಹುಬ್ಬಿನಲ್ಲಿ ಬೆಳ್ಳಗೆ ನವಿರಾದ ಕೂದಲು ಕಂಡವು, ನಿಧಾನವಾಗಿ ಕಪ್ಪಾದವು. ತಲೆಯ ಮುಕ್ಕಾಲು ಭಾಗ ತುಂಬಿತು. ಹಿಂಭಾಗದಲ್ಲಿ ಅಂಗೈಯಗಲ ಜಾಗ ಹಾಗೇ ಉಳಿಯಿತು. ಈಗಲೂ ಉಳಿದಿದೆ. ಹೋದ ಬೇಸಿಗೆಯಲ್ಲಿ ಸೆಕೆ ತಡೆಯಲಾರದೆ ಆಕೆ ಅಂಗಡಿಯಲ್ಲಿ ಸ್ಕಾರ್ಫ್ ಬಿಚ್ಚಿಟ್ಟಳು. ಕಪಾಟಿನ ಕಡೆ ತಿರುಗಿದಾಗ ಗಿರಾಕಿಯೊಬ್ಬರು, "ಏನಾಯ್ತಕ್ಕ ತಲೆಗೆ?" ಎಂದರು.

"ಅದೊಂದು ಕಾಯಿಲೆ. ಯಾರಿಗೂ ಅಂಟಲ್ಲ. ಔಷಧಿ ನಡೀತಿದೆ," ಎಂದು ಆಕೆ ಎರಡು ಫ್ರೇಮು ಎತ್ತಿ ಹಿಡಿದಳು. "ನಿಮ್ಮ ಮುಖ ಸ್ವಲ್ಪ ಉದ್ದ. ಈ ಅಗಲದ್ದು ಒಪ್ಪುತ್ತೆ, ಹಾಕಿ ನೋಡಿ."