ಕೆಂಪು ದಾರ ಕಟ್ಟಿದ ಜೇಕು

ಹಿತ್ತಲು ದಾಟಿದರೆ ಹೊಳೆದಂಡೆ. ಆದರೂ ನಾನು ಒಂದು ದಿನವೂ ಹೋಗಿ ನೋಡದೆ ತಮ್ಮನಿಗೆ ಸುಳ್ಳು ಹೇಳಿದೆ.

ಅವನು ರಾಣೆಬೆನ್ನೂರಿನಲ್ಲಿ ಟೇಲರ್ ಆಗಿದ್ದ. ಬಿಡುವಾದಾಗ ಹುಲ್ಲು, ನೀರಂಚಿನಲ್ಲಿ ಹುಲ್ಲಿನಂತೆಯೇ ಬೆಳೆಯುವ ಜೇಕು, ಇವುಗಳ ಜಾತಿ ಗುರುತಿಸುವ ಹುಚ್ಚು. ಹೂವು ಬರುವತನಕ ಜೇಕಿನ ಜಾತಿ ಗೊತ್ತಾಗುವುದಿಲ್ಲವಂತೆ. ಅದಕ್ಕೇ ಮೇಡ್ಲೇರಿಯ ನಮ್ಮ ದಂಡೆಯಲ್ಲಿ, ಗುರುತು ಸಿಗದ ಒಂದು ಕಡ್ಡಿಗೆ ಕೆಂಪು ದಾರ ಕಟ್ಟಿ ಹೋಗಿದ್ದ. ಆಮೇಲೆ ಹಾಸಿಗೆ ಹಿಡಿದ. ದಿನಾ ಫೋನು ಮಾಡುತ್ತಿದ್ದ.

"ಯಕ್ಕಾ, ಹೂವ ಬಂತೇನ?"

"ಇನ್ನೂ ಇಲ್ಲೋ ಯಪ್ಪಾ. ದನಾನೂ ಮೂಸಿ ನೋಡದ ಹುಲ್ಲಿಗೆ ಎಷ್ಟ್ ಕಾಳಜಿ ಮಾಡ್ತೀ!" ಎಂದು ಒಲೆಯ ಮುಂದೆ ಕುಳಿತೇ ಹೇಳುತ್ತಿದ್ದೆ.

ಅವನನ್ನು ಮಣ್ಣು ಮಾಡಿ ಬಂದ ಮರುದಿನ ಮಧ್ಯಾಹ್ನ ದಂಡೆಗೆ ಹೋದೆ. ಗಾಳಿ ಇರಲಿಲ್ಲ, ನೀರೂ ಅಲುಗುತ್ತಿರಲಿಲ್ಲ. ಜೇಕೆಲ್ಲ ಸುಮ್ಮನೆ ನಿಂತಿತ್ತು. ದಾರ ಕಟ್ಟಿದ್ದ ಕಡ್ಡಿಯೊಂದೇ ತಲೆಯಾಡಿಸುತ್ತಿತ್ತು. ಹಿಡಿದರೆ ನಿಂತಿತು, ಬಿಟ್ಟರೆ ಮತ್ತೆ ಆಡಿತು. ಅದರ ಹೂವು ಒಣಗಿ ಕಪ್ಪಾಗಿ ಬೀಜ ಉದುರಿಸಿತ್ತು. ಅವನು ಕೇಳುತ್ತಿದ್ದ ದಿನಗಳಲ್ಲೇ ಅರಳಿರಬೇಕು.

ಓಡಿ ಬರಲೂ ಆಗಲಿಲ್ಲ. ಅಲ್ಲೇ ಕೆಸರಿನಲ್ಲಿ ಕುಳಿತು, ಯಾರು ಕೇಳಿದರೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ: "ತಪ್ಪಾತೋ ತಮ್ಮಾ. ನಾ ಬಂದು ನೋಡಲೇ ಇಲ್ಲ."