ಫೌಜದಾರನಿಗೆ ಒಳಗೆ ಕುರ್ಚಿ

ನಮ್ಮ ನಾಯಿಗೆ ಫೌಜದಾರ ಎಂದು ಹೆಸರಿಟ್ಟವರು ನಮ್ಮಪ್ಪ. ಮೂರು ವರ್ಷದ ಹಿಂದೆ ನನ್ನ ಮಗಳು ಸುಜಾತಾ ಯಾದಗಿರಿ ಸ್ಟೇಷನ್ನಿನ ಹೊರಗೆ ಸಿಕ್ಕಿದ ಈ ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದಾಗ ಅದಕ್ಕಿದ್ದದ್ದು ಅಂಗೈಯಷ್ಟು ದೇಹ, ಊರಿಗೆಲ್ಲ ಕೇಳುವಂಥ ಗಂಟಲು. ಬಾಗಿಲ ಮುಂದೆ ಹಾಯ್ದ ಹಾಲಿನವನನ್ನೂ ಗ್ಯಾಸಿನವನನ್ನೂ ಕಡೆಗೆ ಗಾಳಿಗೆ ಉರುಳಿಕೊಂಡು ಬಂದ ಪ್ಲಾಸ್ಟಿಕ್ ಚೀಲವನ್ನೂ ತಡೆದು ನಿಲ್ಲಿಸಿ ವಿಚಾರಣೆ ಮಾಡದೆ ಮುಂದಕ್ಕೆ ಬಿಡುತ್ತಿರಲಿಲ್ಲ. “ಇದು ನಾಯಿ ಅಲ್ಲ ಬಿಡಪಾ, ಫೌಜದಾರ ಅದ” ಎಂದರು ಅಪ್ಪ. ಹೆಸರು ನಿಂತುಬಿಟ್ಟಿತು. ಈಗ ಫೌಜದಾರ ದೊಡ್ಡವನಾಗಿದ್ದಾನೆ, ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಕಿವಿಗೆ ಹುಟ್ಟಾ ಆಲಸ್ಯ. ಅಪ್ಪನ ಮಂಚದ ಕೆಳಗೆ ಒಂಬತ್ತು ಗಂಟೆಯ ತನಕ ಮಲಗಿ, ಎದ್ದು ರೊಟ್ಟಿ ತಿಂದು, ಆಮೇಲೆ ಡ್ಯೂಟಿಗೆ ಹಾಜರಾಗುತ್ತಾನೆ.

ಇಂಥ ಸಾಕಿದ ನಾಯಿಗಳನ್ನು ಅಂಗಡಿ, ಹೋಟೆಲು, ಉದ್ಯಾನಗಳ ಒಳಗೆ ಬಿಡಬೇಕೋ ಬಾರದೋ ಎಂಬುದು ಈಚೆಗೆ ನಮ್ಮ ಬಡಾವಣೆಯ ವಾಟ್ಸಾಪ್ ಬಳಗದಲ್ಲಿ ಎದ್ದ ದೊಡ್ಡ ಜಗಳ. ಬಿಡಬೇಕು ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಮನೆಯ ಮಗುವಿನ ಹಾಗೆ ಬೆಳೆದ ಜೀವವನ್ನು ಬಿಸಿಲಲ್ಲಿ ಕಂಬಕ್ಕೆ ಕಟ್ಟಿ ನಾವು ತಂಪಾಗಿ ಕುಳಿತು ಐಸ್‌ಕ್ರೀಮ್ ತಿನ್ನುವುದು ಯಾವ ನ್ಯಾಯ, ಅದೂ ನಮ್ಮ ಯಾದಗಿರಿಯ ಬಿಸಿಲಲ್ಲಿ? ಬೇಡ ಎನ್ನುವವರೂ ಸುಮ್ಮನೆ ಅನ್ನುತ್ತಿಲ್ಲ. ನಾಯಿ ಕಂಡರೆ ಬೆವರುವ ಮಕ್ಕಳಿದ್ದಾರೆ, ಒಮ್ಮೆ ಕಚ್ಚಿಸಿಕೊಂಡು ಸೂಜಿ ಚುಚ್ಚಿಸಿಕೊಂಡವರಿದ್ದಾರೆ, ತಿನ್ನುವ ತಟ್ಟೆಯಲ್ಲಿ ಕೂದಲು ಸಿಕ್ಕರೆ ಸಹಿಸದವರಿದ್ದಾರೆ. ನಾನು ಕಚೇರಿಯಲ್ಲಿ ಗುಮಾಸ್ತ. ಎರಡೂ ಕಡೆಯ ಅರ್ಜಿ ಓದಿ, ತಲೆಯಾಡಿಸಿ, ಕಡತಕ್ಕೆ ಸೇರಿಸಿ ದಾರ ಕಟ್ಟುವುದು ನನ್ನ ಜಾಯಮಾನ. ಹಾಗೇ ಮಾಡಿ ಸುಮ್ಮನಿದ್ದೆ.

ಆದರೆ ಮೂರನೆಯವರೊಬ್ಬರು ಇಬ್ಬರಿಗೂ ಒಪ್ಪಿಗೆಯಾಗುವಂತೆ ಒಂದು ಸಲಹೆ ಕೊಟ್ಟರು. ಒಳ್ಳೆಯ ಮನುಷ್ಯರು, ನಿವೃತ್ತ ಅಧಿಕಾರಿಗಳು. ಅವರು ಬರೆದದ್ದು ಇಷ್ಟು: ನಾಯಿಗಳ ಮೇಲೆ ನಮಗೆ ದ್ವೇಷವಿಲ್ಲ, ಅವುಗಳಿಗೂ ಹಸಿವು ನೀರಡಿಕೆ ಉಂಟು. ಅಂಗಡಿಯ ಹೊರಗೆ ಗೋಡೆಯ ಪಕ್ಕ ನೆರಳು ಮಾಡಿ, ಅವಕ್ಕೇ ಬೇರೆ ತಟ್ಟೆ, ಬೇರೆ ನೀರು ಇಟ್ಟರೆ ಆಯಿತು, ಒಳಗಿನ ಪಾತ್ರೆಯ ಜೊತೆ ಕೂಡಿಸದಿದ್ದರೆ ಸಾಕು, ಯಾರಿಗೂ ಬೇಸರವಿಲ್ಲ. ನಾನು ಇದನ್ನು, ಒಳ್ಳೆಯ ಸಲಹೆ ಎಂದುಕೊಂಡೇ, ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಂಚದ ಮೇಲೆ ಕುಳಿತು ಫೌಜದಾರನ ಕಿವಿಯ ಉಣ್ಣೆ ಕೀಳುತ್ತಿದ್ದ ಅಪ್ಪ ತಲೆ ಎತ್ತದೆ, “ಚಲೋ ಬರದಾರ. ನೆಳ್ಳಾದ್ರೂ ಕೊಡ್ತಾರಲ್ಲ” ಎಂದರು. ನಾನು ಓದಿದ್ದು ಏನೆಂದು ನನಗೆ ಆಗ ಅರ್ಥವಾಯಿತು. ಫೋನನ್ನು ಕೆಳಗಿಟ್ಟೆ.

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮೂರು ಸುರಪುರದ ಕಡೆಯದು. ಅಪ್ಪ ಪ್ರಾಯದಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಊರಿನ ಚಹಾ ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡಿತ್ತು. ನಮ್ಮ ಕೇರಿಯವರ ಕಪ್ಪುಗಳು ಆ ಗೂಡಿನಲ್ಲಿ. ಹೋದವರು ತಮ್ಮ ಕಪ್ಪನ್ನು ತಾವೇ ತೆಗೆದುಕೊಂಡು ಮೆಟ್ಟಿಲ ಕೆಳಗೆ ಹಿಡಿಯಬೇಕು, ಮೇಲಿಂದ ಚಹಾ ಹೊಯ್ಯುತ್ತಾರೆ, ನಿಂತು ಕುಡಿದು, ಕಪ್ಪು ತೊಳೆದು, ಮುಂದಿನವನಿಗೆ ತೊಳೆದದ್ದು ಎಂದು ಗೊತ್ತಾಗುವಂತೆ ಗೂಡಿನಲ್ಲಿ ಬೋರಲು ಹಾಕಿ ಬರಬೇಕು. ಅಪ್ಪ ಇದನ್ನು ನನಗೆ ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಸಿಟ್ಟಿನಿಂದಲ್ಲ, ಬಾವಿಯಿಂದ ನೀರು ಹೇಗೆ ಸೇದುತ್ತಿದ್ದೆವು ಎಂದು ಹೇಳುವ ಧಾಟಿಯಲ್ಲಿ. ಆ ಹೋಟೆಲು ಈಗಿಲ್ಲ, ಗೂಡೂ ಇಲ್ಲ. ನಾವು ಬೌದ್ಧರಾಗಿ ಎರಡು ತಲೆಮಾರಾಯಿತು. ನಾನು ಓದಿದೆ, ನೌಕರಿ ಹಿಡಿದೆ, ಶಹಾಪುರದಲ್ಲಿ ಹನ್ನೊಂದು ವರ್ಷ ಇದ್ದು ಯಾದಗಿರಿಗೆ ವರ್ಗವಾಗಿ ಬಂದೆ. ಸುಜಾತಾಳಿಗೆ ನಾನು ಈ ಗೂಡಿನ ಸಂಗತಿ ಹೇಳಿಯೇ ಇಲ್ಲ. ಹೇಳದೆ ಇದ್ದರೆ ಅದು ಅವಳ ಪಾಲಿಗೆ ಇರುವುದೇ ಇಲ್ಲ ಎಂದು ನಂಬಿದ್ದೆ.

ನನಗೊಂದು ಆಸೆಯಿತ್ತು, ಹೇಳಿದರೆ ನಗುತ್ತೀರಿ. ಅಪ್ಪನನ್ನು ಒಮ್ಮೆ ಹೋಟೆಲಿನ ಒಳಗೆ ಕರೆದುಕೊಂಡು ಹೋಗಿ, ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ನಾನು ಕುಳಿತು, ಅವಸರವಿಲ್ಲದೆ ಒಂದು ಕಪ್ಪು ಚಹಾ ಕುಡಿಸಬೇಕು. ಇಷ್ಟೇ. ವಿಮಾನ ಹತ್ತಿಸುವ ಆಸೆಯಾಗಿದ್ದರೆ ಎಂದೋ ತೀರಿಹೋಗುತ್ತಿತ್ತು. ಶಹಾಪುರದಲ್ಲಿ ಕರೆದಾಗ ಸೈಕಲ್ಲು ಕಾಯುತ್ತೇನೆ ಎಂದರು, ಸೈಕಲ್ಲಿಗೆ ಬೀಗವಿತ್ತು. ಸುರಪುರದ ಬಟ್ಟೆ ಅಂಗಡಿಯ ಮುಂದೆ ಕಾಲು ಧೂಳಾಗಿದೆ ಎಂದರು. ನನ್ನ ಕಾಲು ಅದಕ್ಕಿಂತ ಧೂಳಾಗಿತ್ತು. ಕೆಮ್ಮು, ಬೀಡಿ, ಹೊಟ್ಟೆ ತುಂಬಿದೆ, ಫ್ಯಾನಿನ ಗಾಳಿ ಆಗುವುದಿಲ್ಲ, ಎಲ್ಲ ಆಯಿತು. ನಾನೂ ಬೇಸತ್ತು ಒತ್ತಾಯ ಮಾಡುವುದನ್ನು ಬಿಟ್ಟೆ.

ಅಷ್ಟರಲ್ಲಿ ಫೌಜದಾರ ಬಂದ. ನನ್ನಾಕೆ ಭಾನುವಾರ ಸಂಜೆ ಬುದ್ಧವಿಹಾರದ ಹೆಣ್ಣುಮಕ್ಕಳ ಕೂಟಕ್ಕೆ ಹೋದರೆ, ಮಗಳು, ಅಪ್ಪ, ನಾನು, ನಾಯಿ ತಿರುಗಾಡಲು ಹೊರಡುವುದು ರೂಢಿಯಾಯಿತು. ಮಗಳಿಗೆ ದಾರಿಯಲ್ಲೊಂದು ಬೇಕರಿ ಮೆಚ್ಚು. ಅದರ ಬಾಗಿಲಿಗೆ ಬಂದ ಕೂಡಲೆ ಅಪ್ಪ ನಾಯಿಯ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಳ್ಳುವರು. “ಇದನ್ನ ಒಳಗ ಬಿಡಂಗಿಲ್ಲಲ್ಲಪಾ, ನಾ ಹಿಡ್ಕೊಂಡು ನಿಂದರ್ತೀನಿ, ನೀವು ಹೋಗ್ರಿ.” ಮುಖದಲ್ಲಿ ಎಂಥ ನಿರಾಳ. ನಾವು ಗಾಜಿನ ಒಳಗೆ ಕುಳಿತು ತಿನ್ನುವಾಗ ಹೊರಗೆ ಅವರಿಬ್ಬರೂ ಹೋಗಿಬರುವವರನ್ನು ನೋಡುತ್ತ ಸುಖವಾಗಿ ನಿಂತಿರುತ್ತಿದ್ದರು, ನಾನು ಕಟ್ಟಿಸಿ ತಂದುಕೊಟ್ಟ ಬನ್ನನ್ನು ಹಂಚಿಕೊಂಡು ತಿನ್ನುತ್ತಿದ್ದರು. ಅಪ್ಪನಿಗೆ ನಾಯಿಯ ಮೇಲೆ ಅಷ್ಟೊಂದು ಪ್ರೀತಿ ಎಂದು ನಾನು ಎಣಿಸಿದ್ದೆ. ಪ್ರೀತಿಯೇನೋ ಇತ್ತು. ಆದರೆ ಎಂಬತ್ತು ವರ್ಷ ಹುಡುಕಿ ಸಿಗದ, ಯಾರೂ ಅಲ್ಲಗಳೆಯಲಾಗದ ಕಾರಣವೊಂದು ನಾಲ್ಕು ಕಾಲಿನ ಮೇಲೆ ನಡೆದು ಮನೆಗೆ ಬಂದಿದೆ ಎಂಬುದು ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ.

ಕಳೆದ ತಿಂಗಳು ಬೇಕರಿಯ ಬಾಗಿಲಿಗೆ ಹೊಸ ಫಲಕ ಬಂತು: ಸಾಕುನಾಯಿಗಳಿಗೂ ಸ್ವಾಗತ. ಸುಜಾತಾ ರಸ್ತೆಯಲ್ಲೇ ಚಪ್ಪಾಳೆ ತಟ್ಟಿದಳು. ಅಪ್ಪನ ಕೈ ಎಂದಿನಂತೆ ಹಗ್ಗಕ್ಕೆ ಬಂದಿತ್ತು. ಆ ಹೊತ್ತಿಗೆ ಬೇಕರಿಯ ಮಾಲೀಕರೇ ಬಾಗಿಲು ತೆರೆದು ಹಿಡಿದರು. ಹತ್ತಿಕುಣಿ ಕಡೆಯವರು, ಮೃದುವಾದ ಮನುಷ್ಯ. “ಬರ್ರಿ ಕಾಕಾ, ಯಾವಾಗ ನೋಡಿದ್ರೂ ಹೊರಗ ನಿಂದರ್ತೀರಿ. ಈಗ ಇದನ್ನೂ ಒಳಗ ತರ್ರಿ, ಏನ್ ತ್ರಾಸಿಲ್ಲ.” ಅಪ್ಪ ನನ್ನ ಮುಖ ನೋಡಿದರು. ನಾನು ಆಸೆಬುರುಕ, “ಬಾ ಅಪ್ಪಾ” ಎಂದೆ.

ಅವರು ಒಳಗೆ ಬಂದರು. ಫೌಜದಾರ ಯಾರ ಅಪ್ಪಣೆಯನ್ನೂ ಕಾಯದೆ ಕುರ್ಚಿ ಹತ್ತಿ ಕುಳಿತ. ಎಲ್ಲರೂ ನಕ್ಕರು, ಯಾರೋ ಫೋಟೊ ತೆಗೆದರು. ಅಪ್ಪ ಕುರ್ಚಿಯ ತುದಿಯಲ್ಲಿ, ಯಾರಾದರೂ ಏಳು ಎಂದರೆ ಏಳಲು ಅನುಕೂಲವಾಗುವಷ್ಟೇ ಜಾಗದಲ್ಲಿ ಕುಳಿತರು. ಚಹಾ ಬಂತು, ಬಿಳಿ ಪಿಂಗಾಣಿ ಕಪ್ಪಿನಲ್ಲಿ. ನಾಯಿಗೆ ಬನ್ನು ಬಂತು, ಅದೂ ಬಿಳಿ ಪಿಂಗಾಣಿ ತಟ್ಟೆಯಲ್ಲೇ. ಅಪ್ಪ ಸುಡುಸುಡುವ ಚಹಾವನ್ನು ಊದದೆ ನಾಲ್ಕು ಗುಟುಕಿನಲ್ಲಿ ಕುಡಿದರು. ನಾಯಿ ನೆಕ್ಕಿದ ತಟ್ಟೆಯನ್ನು ಅಲ್ಲಿ ಕೆಲಸ ಮಾಡುವ ಹೆಂಗಸು ಬಂದು ಎತ್ತಿಕೊಂಡು, ಬೇರೆ ತಟ್ಟೆಗಳ ಮೇಲೆ ಪೇರಿಸಿ ಒಳಗೆ ಒಯ್ದಳು. ಅದೇ ಗಳಿಗೆಯಲ್ಲಿ ಅಪ್ಪ ತಮ್ಮ ಕಪ್ಪು ಹಿಡಿದುಕೊಂಡು ಎದ್ದರು. ಬಾಗಿಲು ತಳ್ಳಿ ಹೊರಗೆ ಹೋದರು. ಮೆಟ್ಟಿಲ ಪಕ್ಕದ ನಲ್ಲಿಯಲ್ಲಿ ಕಪ್ಪನ್ನು ಎರಡು ಸಲ ತೊಳೆದರು, ಧೋತರದ ಚುಂಗಿನಿಂದ ಒರೆಸಿದರು, ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಆ ಗೋಡೆಯಲ್ಲಿ ಗೂಡು ಎಲ್ಲಿಂದ ಬರಬೇಕು? ಕಡೆಗೆ ಬಾಗಿಲಿಂದ ದೂರ, ಮೂಲೆಯ ಕಟ್ಟೆಯ ಮೇಲೆ ಅದನ್ನು ಬೋರಲು ಹಾಕಿ, ಮೆಟ್ಟಿಲ ಮೇಲೆ ಕುಳಿತುಕೊಂಡರು.

ಗಾಜಿನ ಗೋಡೆಯಾದ್ದರಿಂದ ಎಲ್ಲರಿಗೂ ಕಂಡಿತು. ಮಾಲೀಕರು ಓಡಿಹೋಗಿ, “ಅಯ್ಯ ಕಾಕಾ, ನಮ್ಮ ಮಂದಿ ತೊಳಿತಾರ, ನೀವ್ಯಾಕ ತ್ರಾಸ ತಗೊಂಡ್ರಿ” ಎಂದು ಕಪ್ಪು ಒಳಗೆ ತಂದರು. ಸುಜಾತಾ ಅಜ್ಜನ ಮೇಲಿನ ಹೆಮ್ಮೆಯಿಂದ, “ನೋಡಪ್ಪಾ, ಮುತ್ಯಾಗ ಎಷ್ಟು ಶಿಸ್ತು ಅದ, ನಾವು ಹಂಗ ಬಿಟ್ಟು ಬರ್ತೀವಿ” ಎಂದಳು. ಮತ್ತು ನಾನು, ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಲು ಹೊರಟ ಮಗ, ಏನು ಮಾಡಿದೆ ಗೊತ್ತೆ? ಮೂಲೆಯ ಮೇಜಿನಲ್ಲಿ ನಮ್ಮ ಕಚೇರಿಯ ಮೇಲಧಿಕಾರಿ ಕುಟುಂಬದೊಂದಿಗೆ ಕುಳಿತಿದ್ದರು. ಅವರು ನೋಡಿದರೇ ಎಂದು ಮೊದಲು ಆ ಕಡೆ ನೋಡಿದೆ. ನೋಡಿದರು ಎಂದು ಗೊತ್ತಾದ ಮೇಲೆ ಬಗ್ಗಿ ಫೌಜದಾರನ ತಲೆ ಸವರತೊಡಗಿದೆ. ನನ್ನ ಅಪ್ಪನ ಬಗ್ಗೆ ನನಗೆ ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ದಿನ ಹೊರಗೆ ಹೋಗಿ ಆ ಮೆಟ್ಟಿಲ ಮೇಲೆ ಅವರ ಪಕ್ಕ ಕೂರುವಷ್ಟು ದೂರವೂ ನನ್ನ ಕಾಲು ನಡೆಯಲಿಲ್ಲ.

ಸಾಕುನಾಯಿಗಳನ್ನು ಒಳಗೆ ಬಿಡಬೇಕೆ ಎಂದು ನೀವು ಕೇಳಿದರೆ, ಬಿಡಿ ಎನ್ನುತ್ತೇನೆ. ಹಗ್ಗ ಹಿಡಿದುಕೊಂಡು ಬನ್ನಿ, ಮಕ್ಕಳು ಹೆದರಿದರೆ ದೂರ ಕೂರಿಸಿ, ಗಲೀಜು ಮಾಡಿದರೆ ನೀವೇ ಬಳಿಯಿರಿ. ಇದರಲ್ಲಿ ಅಂಥ ಕಷ್ಟದ ಪ್ರಶ್ನೆ ಯಾವುದೂ ನನಗೆ ಕಾಣುವುದಿಲ್ಲ. ನಾಯಿಗೆ ಬೇಕಾದದ್ದು ಒಂದು ಫಲಕ, ಒಬ್ಬ ಒಳ್ಳೆಯ ಮಾಲೀಕ; ಎರಡೂ ಸಿಕ್ಕ ದಿನ ಅದು ಹಿಂದಿನದೇನನ್ನೂ ನೆನೆಯದೆ ಕುರ್ಚಿ ಹತ್ತಿತು. ಅಪ್ಪನಿಗೂ ಕಾಯಿದೆ ಸಿಕ್ಕಿತು, ಒಳ್ಳೆಯ ಮಾಲೀಕನೂ ಸಿಕ್ಕ, ತೆರೆದು ಹಿಡಿದ ಬಾಗಿಲೂ ಸಿಕ್ಕಿತು. ಮೂರೂ ಕೂಡಿ ಸಿಕ್ಕುವಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮನುಷ್ಯನನ್ನು ಒಳಗೆ ಬಿಡಲು ಇನ್ನು ಯಾರು ಏನು ಮಾಡಬೇಕೋ ನಾನು ಕಾಣೆ, ಮಾಡಬಹುದಾದದ್ದು ಏನಾದರೂ ಉಳಿದಿದೆ ಎಂಬ ನಂಬಿಕೆಯೂ ನನಗಿಲ್ಲ.

ಮುಂದಿನ ಭಾನುವಾರ ಹೊರಟಾಗ ಅಪ್ಪ ಮಂಚ ಬಿಟ್ಟು ಏಳಲಿಲ್ಲ. “ಅಪ್ಪಾ, ಹೊತ್ತಾತು, ಏಳು” ಎಂದೆ.

“ನೀವು ಹೋಗಿ ಬರ್ರಿ. ಈಗ ಅದನ್ನ ಒಳಗ ಬಿಡ್ತಾರಲ್ಲ, ಹೊರಗ ಹಿಡ್ಕೊಂಡು ನಿಂದ್ರಾಕ ಯಾರ ಬೇಕು?”

ಮಗಳು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ದನಿ ತಗ್ಗಿಸಿ, “ಒಳಗ ಬರಬ್ಯಾಡ. ನಾನೂ ನಿನ್ನ ಕೂಡ ಹೊರಗ ನಿಂದರ್ತೀನಿ, ಇಬ್ಬರೂ ಅಲ್ಲೇ ಚಾ ಕುಡಿಯೂಣು” ಎಂದೆ. ಹೋದ ವಾರದ್ದನ್ನು ತೊಳೆದುಕೊಳ್ಳುವ ಆತುರ ನನ್ನದು. ಅಪ್ಪ ಎಂದೂ ಗದರದವರು, ಅವತ್ತು ಗದರಿದರು. “ನೀ ಯಾಕ ನಿಂದರ್ತಿ? ನೀ ಒಳಗ ಕುಂದ್ರಬೇಕಂತ ನಿನ್ನ ಸಾಲಿಗೆ ಹಾಕೀನಿ. ಹೊರಗ ನಿಂದ್ರಾಕ ನಾ ಒಬ್ಬಾಂವ ಸಾಕು.” ಆಮೇಲೆ ಗೋಡೆಯ ಕಡೆಗೆ ಮಗ್ಗುಲಾದರು.

ನಾವು ಹೋದೆವು. ಹೋಗದಿದ್ದರೆ ಮಗಳಿಗೆ ಕಾರಣ ಹೇಳಬೇಕಾಗಿತ್ತು. ಮಾಲೀಕರು ಬಾಗಿಲು ತೆರೆದು ಹಿಡಿದು, ಫೌಜದಾರನ ಬೆನ್ನು ತಟ್ಟಿ, ನಮ್ಮ ಹಿಂದೆ ರಸ್ತೆಯನ್ನು ಹಣಕಿ ನೋಡಿದರು. “ಕಾಕಾ ಬಂದಿಲ್ಲೇನ್ರಿ ಇವತ್ತ?”

“ಇಲ್ರಿ, ಅವರಿಗೆ ಯಾಕೋ ಕೆಮ್ಮು ಹೆಚ್ಚಾಗ್ಯದ” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಸುಜಾತಾ ತಿರುಗಿ ನನ್ನ ಮುಖವನ್ನೇ ನೋಡಿದಳು. ಮುತ್ಯಾನಿಗೆ ಕೆಮ್ಮಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕುರ್ಚಿಯಲ್ಲಿ ಕುಳಿತ ಮೇಲೂ ನೋಡುವುದನ್ನು ಬಿಡಲಿಲ್ಲ, ಚಹಾ ಬಂದ ಮೇಲೆ ಕೇಳಿದಳು: “ಅಪ್ಪಾ, ಮುತ್ಯಾ ಅವತ್ತ ಕಪ್ ಯಾಕ ತೊಳದ?”