ಮೂರು ಚಮಚ ನೀರು

ಮಾತು ಮತ್ತು ಶ್ರವಣದ ಒಂದು ವರ್ಷದ ಡಿಪ್ಲೊಮಾಕ್ಕೆ ಸೇರಿದಾಗ ನನಗೆ ಮೂವತ್ತೊಂದು ವರ್ಷ. ಅದಕ್ಕೆ ಮೊದಲು ಮಾಲೂರಿನ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲಿದ್ದ ಒಂದು ಮಗು ನಾಲ್ಕು ವರ್ಷವಾದರೂ ಮಾತಾಡುತ್ತಿರಲಿಲ್ಲ. ಅದರ ತಾಯಿ ವಾರಕ್ಕೆ ಎರಡು ಸಲ ಅದನ್ನು ಎತ್ತಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದಳು. ಶಾಲೆ ಮುಚ್ಚುತ್ತದೆ ಎಂದು ಗೊತ್ತಾದ ದಿನ ಅವಳೇ ನನಗೆ ಹೇಳಿದಳು: "ಮಿಸ್, ನಮ್ ಕಡೆ ಈ ಕೆಲ್ಸ ಕಲ್ತೋರು ಒಬ್ರೂ ಇಲ್ಲ. ಥೆರಪಿಸ್ಟ್‌ಗೆ ಅಸಿಸ್ಟೆಂಟ್ ಆಗೋಕೆ ಒಂದೇ ವರ್ಷ ಅಂತೆ. ನೀವ್ಯಾಕೆ ಕಲೀಬಾರ್ದು?"

ಅವಳ ಮಾತು ತಲೆಯಲ್ಲಿ ಕೂತುಬಿಟ್ಟಿತು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರಿಂದ ಸೀಟು ಸಿಕ್ಕಿತು. ಆದರೆ ಮೊದಲ ದಿನದಿಂದಲೇ ಹೆದರಿಕೆ. ಜೊತೆಯಲ್ಲಿ ಓದುವವರೆಲ್ಲ ಹದಿನೆಂಟು, ಹತ್ತೊಂಬತ್ತರವರು. ಅವರು ಇಂಗ್ಲಿಷಿನಲ್ಲಿ ನೋಟ್ಸ್ ಬರೆದುಕೊಳ್ಳುವ ವೇಗಕ್ಕೆ ನನ್ನ ಕೈ ಓಡುತ್ತಿರಲಿಲ್ಲ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕಾರ್ಖಾನೆಗೆ ಹೋಗುವವರ ನಡುವೆ ನಿಂತುಕೊಂಡೇ ಕಿವಿಯ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ಕ್ಲಾಸಿಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತಿತ್ತು.

ಒಂದು ದಿನ ಗಂಟಲಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಮೇಜಿನ ಮೇಲೆ ಇಟ್ಟು ಬಿಚ್ಚಿ ತೋರಿಸಿದರು. ಅನ್ನ ಹೋಗುವ ದಾರಿ, ಉಸಿರು ಹೋಗುವ ದಾರಿ, ಎರಡೂ ಅಕ್ಕಪಕ್ಕ. ನುಂಗುವ ಹೊತ್ತಿಗೆ ಸರಿಯಾಗಿ ಉಸಿರಿನ ಬಾಗಿಲು ಮುಚ್ಚಿಕೊಳ್ಳಬೇಕು, ಅಷ್ಟೇ. "ಲಕ್ವಾ ಹೊಡೆದವರಿಗೆ ಕೆಲವೊಮ್ಮೆ ಈ ಬಾಗಿಲು ತಡವಾಗಿ ಮುಚ್ಚುತ್ತೆ. ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರದೇ ಇರಬಹುದು. ನೋಡೋರಿಗೆ ಏನೂ ಗೊತ್ತಾಗಲ್ಲ," ಎಂದರು ಪಾಠ ಹೇಳುವವರು. ಅಂದು ಸಂಜೆ ಊಟಕ್ಕೆ ಕೂತಾಗ ತುತ್ತು ಬಾಯಿಯಲ್ಲೇ ನಿಂತಿತು. ಇಷ್ಟು ವರ್ಷ ಯೋಚಿಸದೆ ಮಾಡಿದ ಕೆಲಸ ಅದು. ಯೋಚಿಸಿದ ಕೂಡಲೇ ಹೇಗೆ ನುಂಗಬೇಕೆಂಬುದೇ ಮರೆತಂತಾಯಿತು. "ಯಾಕೇ, ಉಪ್ಪು ಜಾಸ್ತಿ ಆಯ್ತಾ?" ಎಂದು ಗಂಡ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ.

ಎರಡನೆಯ ಅರ್ಧದಲ್ಲಿ ಪ್ರಾಯೋಗಿಕ ತರಬೇತಿಗೆ ನನ್ನನ್ನು ಕೋಲಾರದ ಒಂದು ಆಸ್ಪತ್ರೆಗೆ ಹಾಕಿದರು. ಅಲ್ಲಿನ ಥೆರಪಿಸ್ಟ್ ಮೇಡಂ ಮೈಸೂರಿನವರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಹೆಚ್ಚು ಮಾತಿಲ್ಲ. ನನ್ನ ಬಳಿ ನೀಲಿ ರಟ್ಟಿನ ಒಂದು ಲಾಗ್‌ಬುಕ್ ಇತ್ತು. ಪ್ರತಿದಿನ ಯಾವ ರೋಗಿ, ಏನು ಮಾಡಿದೆ, ಎಷ್ಟು ಗಂಟೆ ಎಂದು ಬರೆದು ಅವರ ಸಹಿ ಹಾಕಿಸಬೇಕು. ಗಂಟೆಗಳು ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಪಾಸಾಗದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಕೆಲಸ ಇಲ್ಲ. ಮೊದಲ ದಿನವೇ ಮೇಡಂ ಒಂದು ಮಾತು ಹೇಳಿದರು: "ನಾನು ಹೇಳಿದ್ದನ್ನ ಮಾಡಿ, ಹೇಳದೇ ಇರೋದನ್ನ ಮಾಡಬೇಡಿ. ಮಾತಿನ ಅಭ್ಯಾಸ ನೀವು ಮಾಡಿಸಬಹುದು. ನುಂಗೋ ವಿಷಯಕ್ಕೆ ಮಾತ್ರ ಕೈ ಹಾಕಬೇಡಿ."

ನನ್ನ ಪಾಲಿಗೆ ಬಂದ ರೋಗಿ ದೇವರಾಯಸಮುದ್ರದವರು. ವಯಸ್ಸು ಐವತ್ತೆಂಟು. ಕೋಲಾರದಿಂದ ಮುಳಬಾಗಿಲು ದಾಟಿ ನಂಗಲಿಯವರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು, ಮಾತು ಪೂರ್ತಿ ಹೋಗಿತ್ತು. ಊಟವೆಲ್ಲ ಮೂಗಿನ ನಳಿಕೆಯಲ್ಲಿ. ಮಂಚದ ತಲೆಯ ಕಡೆ ಮೇಡಂ ತಾವೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಹಾಳೆ ಇತ್ತು: ಬಾಯಿಯಿಂದ ಏನನ್ನೂ ಕೊಡಬಾರದು.

ಅವರ ಮನೆಯ ಮಾತು ತೆಲುಗು. ನಮ್ಮ ತಾಯಿಯದೂ ಅದೇ ಆದ್ದರಿಂದ ಕ್ಯಾಲನೂರಿನ ಹತ್ತಿರದ ನಮ್ಮ ತವರುಮನೆಯಲ್ಲಿ ನಾನು ಎರಡನ್ನೂ ಕಲಸಿಕೊಂಡು ಬೆಳೆದವಳು. ಮೇಡಂಗೆ ತೆಲುಗು ಬಾರದು. ಹಾಗಾಗಿ ಮಾತಿನ ಅಭ್ಯಾಸ ಮಾಡಿಸಲು ನನ್ನನ್ನು ಕೂರಿಸಿದರು. ಒಳಗೊಳಗೆ ಹೆಮ್ಮೆಯಾಯಿತು. ಬಂದಾಗಿನಿಂದ ಅಲ್ಲಿ ನನಗೆ ಮಾತ್ರ ಗೊತ್ತಿದ್ದ ವಿಷಯ ಅದೇ ಮೊದಲನೆಯದು.

ಎರಡು ವಾರ ಏನೂ ಆಗಲಿಲ್ಲ. ಬಾಚಣಿಗೆ ತೋರಿಸಿ ಇದೇನು ಎಂದರೆ ಅವರು ನನ್ನ ಮುಖ ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದರು. ಒಂದರಿಂದ ಹತ್ತು ಎಣಿಸೋಣವೆಂದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಮೂರನೆಯ ವಾರ ನನಗೆ ಇನ್ನೊಂದು ಉಪಾಯ ಹೊಳೆಯಿತು. ಬಾಯಿಗೆ ರೂಢಿಯಾಗಿ ಹೋದ ಮಾತು ಕೆಲವರಲ್ಲಿ ಉಳಿದಿರುತ್ತದೆಂದು ಪಾಠದಲ್ಲಿ ಓದಿದ್ದೆ. ಅವರ ಪಕ್ಕ ಕೂತು ಬಸ್ಸಿನ ಬಾಗಿಲಲ್ಲಿ ನಿಂತವಳಂತೆ ಕೂಗಿದೆ: "ಕೋಲಾರ, ಟಮಕ..." ಆಮೇಲೆ ಸುಮ್ಮನಾದೆ.

ಅವರ ಗಂಟಲಿನಿಂದ ಒರಟಾಗಿ ಒಂದು ದನಿ ಹೊರಟಿತು. "ದೇವ್ರಾಯಸಮುದ್ರ, ಮುಳಬಾಗ್ಲು, ನಂಗ್ಲಿ."

ಮಂಚದ ಪಕ್ಕದಲ್ಲೇ ಇರುತ್ತಿದ್ದ ಅವರ ಹೆಂಡತಿ ಕೈಯಲ್ಲಿದ್ದ ಬಟ್ಟೆ ಬಿಟ್ಟು ಬಾಯಿ ಮುಚ್ಚಿಕೊಂಡರು. ಸಣ್ಣ ಆಳು, ಕೆಲಸ ಮಾಡಿ ಮಾಡಿ ಒರಟಾದ ಕೈ. ಮೇಡಂ ಓಡಿ ಬಂದು ಕೇಳಿ, ನನ್ನ ಭುಜ ತಟ್ಟಿ ಹೋದರು. ಅವತ್ತಿನ ಸಹಿಯ ಪಕ್ಕ "ಒಳ್ಳೆಯ ಕೆಲಸ" ಎಂದು ಬರೆದರು. ಮಾಲೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಆ ಎರಡು ಪದಗಳನ್ನು ಎಷ್ಟು ಸಲ ತೆಗೆದು ನೋಡಿದೆನೋ.

ನಾಲ್ಕು ದಿನ ಕಳೆದ ಮೇಲೆ ಆ ಮಧ್ಯಾಹ್ನ ಬಂತು. ಬೇಸಿಗೆ. ವಾರ್ಡಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಮೇಡಂ ಹೊರರೋಗಿಗಳ ಕೋಣೆಯಲ್ಲಿದ್ದರು. ನಾನು ಕಂಡಕ್ಟರಿಗೆ ಚಿತ್ರದ ಕಾರ್ಡುಗಳನ್ನು ತೋರಿಸುತ್ತಿದ್ದೆ. ಅವರು ಕಾರ್ಡು ನೋಡದೆ ಕಿಟಕಿಯ ಬಳಿಯಿದ್ದ ಸ್ಟೀಲ್ ಚೊಂಬನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಯಾರೂ ಹೇಳಿಕೊಡದೆ, ಸ್ಪಷ್ಟವಾಗಿ ಹೇಳಿದರು.

"ನೀಳ್ಳು."

ನೀರು. ಅದು ಬಾಯಿಪಾಠದ ಮಾತಲ್ಲ. ತಮಗೆ ಬೇಕಾದದ್ದನ್ನು ತಾವೇ ಕೇಳಿದ ಮೊದಲ ಮಾತು.

ಹೆಂಡತಿ ಮಂಚದ ಅಂಚಿಗೆ ಕೂತು ಅವರ ಗಲ್ಲ ಹಿಡಿದುಕೊಂಡರು. "ಇನ್ನೊಂದ್ಸಾರಿ ಹೇಳು. ಏಂ ಕಾವಾಲ?" ಏನು ಬೇಕೆಂದು ಕೇಳಿದಾಗ ಅವರು ಮತ್ತೆ ಅದನ್ನೇ ಹೇಳಿದರು. ಆಕೆ ನನ್ನ ಕಡೆ ನೋಡಿದರು. "ಒಂದು ತೊಟ್ಟು ಕೊಡ್ಲೇನಮ್ಮ? ತಿಂಗ್ಳಾಯ್ತು ನಾಲ್ಗೆ ನೆಂದು. ಬಾಯ್ಬಿಟ್ಟು ಕೇಳ್ತಾವ್ರಲ್ಲ."

ಗೋಡೆಯ ಹಾಳೆ ನನ್ನ ಕಣ್ಣೆದುರೇ ಇತ್ತು. ಮೇಡಂ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಹೋಗಿ ಕೇಳಬಹುದಿತ್ತು, ಕೇಳಲಿಲ್ಲ. ಮಾತು ಬಂದಿದೆಯೆಂದರೆ ಗಂಟಲೂ ಸರಿಯಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇವರು ಮಾತಾಡಿ ನೀರು ಕೇಳಿದಾಗ ಕೊಡದಿದ್ದರೆ ಇನ್ನು ಯಾಕೆ ಮಾತಾಡಿಯಾರು ಎಂದೂ ಅನ್ನಿಸಿತು. "ಒಂದು ಚಮಚ, ಸಾಕು," ಎಂದೆ. ತಲೆದಿಂಬು ಎತ್ತರಿಸಿ ನಾನೇ ಕೊಟ್ಟೆ.

ಮೊದಲ ಚಮಚ ಹೋಯಿತು. ಅವರು ಕಣ್ಣು ಮುಚ್ಚಿದರು. ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ ನನಗೂ ನಗು ಬಂತು. ಕೆಮ್ಮು ಬರಲಿಲ್ಲ. ಎರಡನೆಯದು ಕೊಟ್ಟೆ. ಮೂರನೆಯದನ್ನೂ ಕೊಟ್ಟೆ. "ಚಾಲಾ?" ಸಾಕಾ ಎಂದು ಹೆಂಡತಿ ಕೇಳಿದಾಗ ಅವರು ಏನೋ ಹೇಳಹೋದರು. ದನಿ ನೀರಿನೊಳಗಿಂದ ಬಂದ ಹಾಗೆ ಗುಳಗುಳ ಎಂದಿತು.

ಆ ದನಿ ಕೇಳಿದ ಕ್ಷಣ ನನಗೆ ಎಲ್ಲ ಗೊತ್ತಾಯಿತು. ಅವರ ಕಣ್ಣು ಅಗಲವಾದವು. ತುಟಿಯ ಸುತ್ತ ನೀಲಿ ಕಾಣಿಸಿತು. ನಾನು ಚಮಚ ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ಕೂಗಬೇಕು ಅನ್ನಿಸಿದರೂ ನನ್ನ ಬಾಯಿಂದಲೇ ಮಾತು ಹೊರಡಲಿಲ್ಲ. "ಸಿಸ್ಟರ್" ಎಂದು ಕಿರುಚಿದ್ದು ಅವರ ಹೆಂಡತಿ. ನರ್ಸ್ ಓಡಿ ಬಂದು, ಅವರನ್ನು ಮಗ್ಗುಲಿಗೆ ತಿರುಗಿಸಿ, ಪೈಪ್ ಹಾಕಿ ಗಂಟಲಿನಲ್ಲಿ ಇದ್ದದ್ದನ್ನು ಎಳೆದು ತೆಗೆದರು. ಸ್ವಲ್ಪ ಹೊತ್ತಿಗೆ ಉಸಿರು ಸರಿಯಾಯಿತು. ಎಷ್ಟು ಹೊತ್ತು ಎಂಬುದು ನನಗೆ ನೆನಪಿಲ್ಲ.

"ಏನಾಯ್ತು?" ಎಂದು ನರ್ಸ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದರು: "ಎಂಜ್ಲು ಸಿಕ್ಕಾಕ್ಕೊಂತು ಸಿಸ್ಟರ್." ಹೇಳುತ್ತಲೇ ನನ್ನ ಕೈಯಿಂದ ಚಮಚ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡರು. ನಾನು ಸುಮ್ಮನಿದ್ದೆ. ಅಂದಿನ ಲಾಗ್‌ಬುಕ್ಕಿನಲ್ಲಿ "ಚಿತ್ರ ಗುರುತಿಸುವ ಅಭ್ಯಾಸ, ಒಂದು ಗಂಟೆ" ಎಂದು ಬರೆದೆ. ಮೇಡಂ ಅವಸರದಲ್ಲಿದ್ದರು, ಓದಿ ಸಹಿ ಹಾಕಿದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು, "ಆಯಮ್ಮನೇ ಮುಚ್ಚಾಕವ್ಳೆ ಅಂದ್ಮೇಲೆ ನೀನ್ಯಾಕೆ ಎತ್ತೀಯ? ಉಸ್ರು ಸರಿ ಹೋಯ್ತಲ್ಲ. ಇನ್ನೆರಡು ತಿಂಗ್ಳು ಐತೆ, ಮುಗಿಸ್ಕೊಂಡು ಬಾ," ಎಂದ. ಅವನ ಮಾತು ಕೇಳಬೇಕೆಂದು ನನಗೂ ಆಸೆಯಾಯಿತು. ಮಗಳ ಹೋಂವರ್ಕ್ ನೋಡುತ್ತಾ ಕೂತರೆ ಅವಳು ಓದಿದ್ದೊಂದೂ ಕಿವಿಗೆ ಬೀಳಲಿಲ್ಲ. ನೀರು ಶ್ವಾಸಕೋಶದಲ್ಲಿ ಈಗ ಎಲ್ಲಿದೆ, ಎಷ್ಟು ಕೆಳಗೆ ಇಳಿದಿದೆ ಎಂದೇ ಯೋಚನೆ.

ಬೆಳಿಗ್ಗೆ ವಾರ್ಡಿಗೆ ಹೋದಾಗ ಅವರಿಗೆ ಜ್ವರ. ಉಸಿರು ಮೇಲೆ ಮೇಲೆ. ಡಾಕ್ಟರು ಚಾರ್ಟು ನೋಡುತ್ತಾ ನರ್ಸ್ ಹತ್ತಿರ, ಮೂತ್ರದ ಸೋಂಕಿರಬಹುದು, ಮೊದಲು ಅದರ ಪರೀಕ್ಷೆ ಕಳಿಸಿ ಎನ್ನುತ್ತಿದ್ದರು. ಹೆಂಡತಿ ನನ್ನ ಕಡೆ ನೋಡಿ, ಹೇಳಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು. ನಾನು ಅಲ್ಲಿಂದ ಹೊರಟು, ಆ ಇಪ್ಪತ್ತು ಹೆಜ್ಜೆ ನಡೆದು ಮೇಡಂ ಕೋಣೆಗೆ ಹೋದೆ.

"ನಿನ್ನೆ ನಾನು ಅವರಿಗೆ ನೀರು ಕೊಟ್ಟೆ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಎಷ್ಟು?"

"ಮೂರು ಚಮಚ."

"ಎಷ್ಟು ಗಂಟೆಗೆ?"

"ಎರಡೂವರೆ ಆಗಿತ್ತು."

ಅವರು ಕೂಡಲೇ ಎದ್ದು ವಾರ್ಡಿಗೆ ನಡೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರು ಡಾಕ್ಟರ ಹತ್ತಿರ ಮಾತಾಡಿದರು, ಡಾಕ್ಟರು ಒಮ್ಮೆ ನನ್ನ ಕಡೆ ತಿರುಗಿ ನೋಡಿದರು. ಕೂಡಲೇ ಎದೆಯ ಎಕ್ಸ್‌ರೇ ಆಯಿತು. ಬಲಗಡೆ ಕೆಳಭಾಗದಲ್ಲಿ ನ್ಯುಮೋನಿಯ. ಔಷಧಿ ಅಂದೇ ಶುರುವಾಯಿತು.

ಹೆಂಡತಿ ನನ್ನನ್ನು ಕಾರಿಡಾರಿನಲ್ಲಿ ಹಿಡಿದರು. ಅವರಿಗೆ ನನ್ನ ಮೇಲೆ ಬಂದ ಸಿಟ್ಟನ್ನು ನಾನು ನಿರೀಕ್ಷಿಸಿರಲಿಲ್ಲ. "ನಿನ್ಗೋಸ್ಕರ ನಾನು ಸುಳ್ಳಾಡ್ದೆ. ಈಗ ನಾನೇ ನನ್ ಗಂಡನ್ನ ಸಾಯಿಸೋಕೆ ಹೋಗಿದ್ದೆ ಅನ್ನೋ ಹಾಗೆ ನೋಡ್ತಾವ್ರೆ ಎಲ್ರೂ. ನೆನ್ನೇನೇ ಹೇಳಿದ್ರೆ ಬೇರೆ ಮಾತು. ಇವತ್ತು ಯಾಕ್ ಹೇಳ್ದೆ?"

"ಜ್ವರ ಬಂತಲ್ಲಮ್ಮ, ಅದಕ್ಕೆ," ಎಂದೆ. ಅವರು ಮುಖ ತಿರುಗಿಸಿಕೊಂಡು ಹೋದರು.

ಮಧ್ಯಾಹ್ನ ಮೇಡಂ ಕರೆದರು. ಬೈಯುತ್ತಾರೆಂದು ಕಾದೆ. ಅವರು ಲಾಗ್‌ಬುಕ್ ತೆರೆದು ಹಿಂದಿನ ದಿನದ ತಮ್ಮ ಸಹಿಯ ಮೇಲೆ ಗೆರೆ ಎಳೆದರು. "ಇದನ್ನ ಇರೋ ಹಾಗೆ ಬರೀರಿ. ನಾನು ನಿಮ್ಮ ಕಾಲೇಜಿನ ವಿಭಾಗಕ್ಕೆ ರಿಪೋರ್ಟ್ ಮಾಡಲೇಬೇಕು. ಈ ರೋಗಿಯ ಗಂಟೆಗಳು ಲೆಕ್ಕಕ್ಕೆ ಬರಲ್ಲ. ಅವರೇನು ಹೇಳ್ತಾರೋ ಗೊತ್ತಿಲ್ಲ." ಆಮೇಲೆ ಕೇಳಿದರು: "ನನ್ನ ಯಾಕೆ ಕರೀಲಿಲ್ಲ?"

"ನೀವು ಬೇಡ ಅಂತೀರ ಅಂತ," ಎಂದೆ. ಹೇಳಿದ ಮೇಲೆಯೇ ಅದು ನಿಜವೆಂದು ನನಗೂ ಗೊತ್ತಾಯಿತು.

ಅವರು ಲಾಗ್‌ಬುಕ್ ನನ್ನ ಕಡೆ ತಳ್ಳಿ ಪೆನ್ನು ಕೊಟ್ಟರು.

ಐದು ದಿನ ಜ್ವರ ಇಳಿಯಲಿಲ್ಲ. ಆ ಐದು ದಿನ ನಾನು ಬಸ್ಸಿಳಿದು ಆಸ್ಪತ್ರೆಯ ಗೇಟಿನ ಎದುರಿನ ಟೀ ಅಂಗಡಿಯ ಹತ್ತಿರ ನಿಲ್ಲುತ್ತಿದ್ದೆ. ಒಳಗೆ ಹೋದರೆ ಆ ಮಂಚ ಖಾಲಿ ಇರುತ್ತದೇನೋ ಎಂಬ ಭಯಕ್ಕೆ ಕಾಲು ಏಳುತ್ತಿರಲಿಲ್ಲ. ಅವರ ಹತ್ತಿರ ಹೋಗಲು ನನಗೆ ಅನುಮತಿ ಇರಲಿಲ್ಲ. ವಾರ್ಡಿನ ಬಾಗಿಲಿನಿಂದ ಹೊದಿಕೆ ಏರುವುದನ್ನೂ ಇಳಿಯುವುದನ್ನೂ ನೋಡಿ ಹಿಂದೆ ಬರುತ್ತಿದ್ದೆ. ಆರನೆಯ ದಿನ ನರ್ಸ್ ತಾವಾಗಿಯೇ, "ಇಳೀತಮ್ಮ ಜ್ವರ, ಹೋಗಿ ಕಾಫಿ ಕುಡಿ," ಎಂದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ವಿಭಾಗದವರು ನನ್ನನ್ನು ತೆಗೆದುಹಾಕಲಿಲ್ಲ. ಎಂಟು ವಾರ ಬರೀ ನೋಡುವುದು, ಯಾರನ್ನೂ ಮುಟ್ಟುವ ಹಾಗಿಲ್ಲ, ಆಮೇಲೆ ಗಂಟೆಗಳನ್ನು ಮೊದಲಿನಿಂದ ತುಂಬಬೇಕು ಎಂದರು. ಜೊತೆಯವರೆಲ್ಲ ಪರೀಕ್ಷೆ ಮುಗಿಸಿ ಹೋದರು. ನಾನು ಮುಂದಿನ ತಂಡದವರ ಜೊತೆ ಕೂತೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಕಿವಿ ಪರೀಕ್ಷಿಸುವ ಆಡಿಯೋಮೀಟರಿನ ಗುಂಡಿ ತಿರುಗಿಸುವಾಗ ಎರಡು ಸಲ ತಪ್ಪಿದೆ. ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿ, "ನಿಧಾನ," ಎಂದರು. ಪಾಸಾದೆ, ಅಂಕ ಹೇಳಿಕೊಳ್ಳುವಂಥದ್ದಲ್ಲ. ನೋಂದಣಿ ಪತ್ರ ಬಂದಾಗ ಗಂಡ ಚೌಕಟ್ಟು ಹಾಕಿಸೋಣ ಎಂದ. ಬೇಡವೆಂದು ಬೀರುವಿನಲ್ಲಿ ಇಟ್ಟೆ.

ಈಗ ಶ್ರೀನಿವಾಸಪುರದ ಒಂದು ಮಕ್ಕಳ ಕೇಂದ್ರದಲ್ಲಿ ಕೆಲಸ. ಹೋದ ವರ್ಷ ಮುಳಬಾಗಿಲಿನಲ್ಲಿ ಒಂದು ತಪಾಸಣಾ ಶಿಬಿರಕ್ಕೆ ಹೋದಾಗ ಆ ಕಂಡಕ್ಟರ ಹೆಂಡತಿ ಸಿಕ್ಕರು. ನನಗೆ ಓಡಿಹೋಗೋಣ ಅನ್ನಿಸಿತು. ಅವರೇ ಹತ್ತಿರ ಬಂದರು. ಅವರ ಗಂಡ ಹೊರಗೆ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ನಳಿಕೆ ತೆಗೆದು ಬಹಳ ದಿನವಾಗಿತ್ತು. ಮಾತು ಹತ್ತು ಹನ್ನೆರಡು ಪದಕ್ಕೆ ನಿಂತಿತ್ತು. ನನ್ನ ಗುರುತು ಅವರಿಗೆ ಸಿಗಲಿಲ್ಲ.

"ಕೋಪ ಹೋಯ್ತಾ ಅಮ್ಮ?" ಎಂದು ಕೇಳಿದೆ.

"ಅರ್ಧ ಹೋಗೈತೆ," ಎಂದರು. ಆಮೇಲೆ ಚೀಲದಿಂದ ಫ್ಲಾಸ್ಕ್ ತೆಗೆದು ಲೋಟಕ್ಕೆ ಟೀ ಬಗ್ಗಿಸಿ ಗಂಡನ ಎಡಗೈಗೆ ಕೊಟ್ಟರು. ಅವರು ಗದ್ದ ಎದೆಗೆ ತಗ್ಗಿಸಿ, ಯಾರೋ ಚೆನ್ನಾಗಿ ಕಲಿಸಿದ ಹಾಗೆ, ಒಂದೊಂದೇ ಗುಟುಕು ನುಂಗತೊಡಗಿದರು. ಆಕೆ ಮಗಳ ಮದುವೆಯ ಸುದ್ದಿ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆನಾದರೂ ಒಂದೂ ಕೇಳಿಸಲಿಲ್ಲ. ಆ ಲೋಟ ಖಾಲಿಯಾಗಿ ಅವರು ಅದನ್ನು ಕೆಳಗಿಡುವವರೆಗೆ ನಾನು ಅವರ ಗಂಟಲಿನಿಂದ ಕಣ್ಣು ತೆಗೆಯಲಿಲ್ಲ.